ತೆರೆಯ ಮೇಲಿನ ಗಂಡುಗಲಿಗಳು: ಬೈಬಲ್ ಮಹಾಚಿತ್ರಗಳಲ್ಲಿ ಪೌರುಷ ಮತ್ತು ಅಧಿಕಾರ

ಶುಭಶುಕ್ರವಾರದ ಆರಾಧನೆ ಮುಗಿದು ಕತ್ತಲಾಗುತ್ತಲೇ ದೇವಾಲಯದ ಅಂಗಳದಲ್ಲಿ ಬಿಳಿಯ ಬಟ್ಟೆ ಕಟ್ಟಿ ಯೇಸುಕ್ರಿಸ್ತನ ಜೀವನದ ಚಲನಚಿತ್ರವನ್ನು ತೋರಿಸುವುದು ನಮ್ಮ ಹಳ್ಳಿಗಳ ಸಭೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಹೆಗ್ಗಡದೇವನಕೋಟೆಯ ಸೀಮೆಯ ಸಣ್ಣ ಸಭೆಯೊಂದರಲ್ಲಿ ಅಂಥ ಒಂದು ಸಂಜೆ ನಾವೂ ಕುಳಿತಿದ್ದೆವು. ಹಿಂದಿನ ವಾರ ಅಲ್ಲಿನ ಯುವಕರು ಸಂಸೋನನ ಚಿತ್ರವನ್ನು ನೋಡಿದ್ದರು. ಅವನು ಸ್ತಂಭಗಳನ್ನು ತಳ್ಳಿದಾಗ ಶಿಳ್ಳೆ ಹೊಡೆದರೆಂದು ಸಭಾಪಾಲಕರು ನಗುತ್ತ ಹೇಳಿದರು. ಶುಕ್ರವಾರದ ಚಿತ್ರದಲ್ಲಿ ಸಿಪಾಯಿಗಳು ಯೇಸುವಿನ ಕೆನ್ನೆಗೆ ಹೊಡೆಯುವಾಗ ಶಿಳ್ಳೆಯಿರಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು, ಗಂಡಸರು ತಲೆ ತಗ್ಗಿಸಿದರು. ಚಿತ್ರ ಮುಗಿದ ಮೇಲೆ ಯುವಕನೊಬ್ಬ ಬಳಿಗೆ ಬಂದು ಕೇಳಿದ: “ಅಯ್ಯನೋರೇ, ಅಷ್ಟು ಶಕ್ತಿ ಇದ್ದೋರು ತಿರುಗಿ ಒಂದೇಟಾದ್ರೂ ಯಾಕೆ ಕೊಡ್ಲಿಲ್ಲ?” ಚಾಪೆ ಸುತ್ತುತ್ತಿದ್ದ ಮಧ್ಯವಯಸ್ಸಿನ ತಾಯಿಯೊಬ್ಬರು ಆ ಮಾತು ಕೇಳಿಸಿಕೊಂಡು ನಮ್ಮ ಕಡೆಗೆ ತಿರುಗಿದರು: “ನಮ್ಮನೇಲಿ ಸಂಸೋನ ಅವ್ರೆ, ಅಯ್ಯನೋರೇ. ಶಿಲುಬೆ ಹೊರಾದು ಮಾತ್ರ ನಾನು.” ಆಕೆ ನಗುತ್ತಲೇ ಹೇಳಿದ್ದರು. ನಮಗೆ ನಗಲು ಆಗಲಿಲ್ಲ.

ಈ ಎರಡು ಮಾತುಗಳು ನಮ್ಮನ್ನು ಈ ಲೇಖನಕ್ಕೆ ತೊಡಗಿಸಿದವು. ಬೈಬಲಿನ ಪುರುಷರನ್ನು ನಮ್ಮ ಜನರು ಗ್ರಂಥದ ಪುಟಗಳಲ್ಲಿ ಕಾಣುವುದಕ್ಕೆ ಮೊದಲೇ ಎಷ್ಟೋ ಸಲ ತೆರೆಯ ಮೇಲೆ ಕಂಡಿರುತ್ತಾರೆ. ಮೋಶೆಯ ಗಡ್ಡ, ಸಂಸೋನನ ತೋಳು, ಯೇಸುವಿನ ನೋಟ ಇವೆಲ್ಲ ಮೊದಲು ಯಾವನೋ ನಟನವಾಗಿದ್ದು, ಬಳಿಕ ಸತ್ಯವೇದದ ವಾಕ್ಯಕ್ಕೆ ಅಂಟಿಕೊಂಡವು. ಪ್ರಸಂಗಪೀಠದಲ್ಲಿ ನಿಂತವನು ‘ಮೋಶೆ’ ಎಂದಾಗ ಕೇಳುವವರ ಮನಸ್ಸಿನಲ್ಲಿ ಯಾರು ಎದ್ದು ನಿಲ್ಲುತ್ತಾರೆ ಎಂಬುದನ್ನು ಅರಿಯದೆ ಪ್ರಸಂಗ ಮಾಡುವುದು ಕಷ್ಟ.

ಮೊದಲು ಒಂದು ಪದದ ವಿಚಾರ. ನಮ್ಮ ನುಡಿಯಲ್ಲಿ ‘ಗಂಡ’ ಎಂದರೆ ಹೆಂಡತಿಯ ಪತಿ. ಅದೇ ಪದ ಅರಸರ ಬಿರುದುಗಳಲ್ಲಿ ಒಡೆಯ, ಮೀರಿಸುವವನು, ಸೋಲಿಸಿ ನಿಂತವನು ಎಂಬ ಅರ್ಥದಲ್ಲಿ ಬರುತ್ತದೆ. ವಿಜಯನಗರದ ಅರಸರು ‘ಮೂರುರಾಯರ ಗಂಡ’. ಮೈಸೂರಿನ ಒಡೆಯರು ‘ಬಿರುದೆಂತೆಂಬರ ಗಂಡ’. ಮನೆಯೊಳಗಿನ ಸಂಬಂಧಕ್ಕೂ ರಣರಂಗದ ಮೇಲುಗೈಗೂ ನುಡಿಯೇ ಒಂದು ಗಂಟು ಹಾಕಿಟ್ಟಿದೆ. ಇಬ್ರಿಯ ಭಾಷೆಯೂ ಹೀಗೆಯೇ ಮಾಡಿತ್ತು: ‘ಬಾಳ್’ ಎಂಬ ಪದಕ್ಕೆ ಪತಿ, ಯಜಮಾನ, ಒಡೆಯ ಎಂಬ ಅರ್ಥಗಳಿವೆ, ಕಾನಾನ್ಯರ ದೇವತೆಗೂ ಅದೇ ಹೆಸರು. ಹೋಶೇಯನ ಪ್ರವಾದನೆಯ 2ನೆಯ ಅಧ್ಯಾಯದಲ್ಲಿ ದೇವರು ಇಸ್ರಾಯೇಲಿಗೆ, ಇನ್ನು ಮುಂದೆ ತನ್ನನ್ನು ಆ ಪದದಿಂದ ಕರೆಯಬಾರದೆಂದೂ ‘ಈಶೀ’ ಎಂದು, ಅಂದರೆ ನನ್ನ ಪುರುಷನೇ ಎಂದು ಕರೆಯಬೇಕೆಂದೂ ಹೇಳುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಒಡೆತನದ ಪದವನ್ನು ದೇವರು ತಾನೇ ಕೈಬಿಡುತ್ತಾನೆ. ಮಹಾಚಿತ್ರಗಳು ಬಹುಮಟ್ಟಿಗೆ ಆ ಪದವನ್ನು ಪುನಃ ಎತ್ತಿಕೊಂಡಿವೆ ಎಂಬುದು ನಮ್ಮ ಅಭಿಪ್ರಾಯ.

ಸಂಸೋನನ ಎದೆ, ಮೋಶೆಯ ಕೋಲು

ಸೆಸಿಲ್ ಬಿ. ಡಿಮಿಲ್ ನಿರ್ದೇಶಿಸಿದ ‘ಸ್ಯಾಮ್ಸನ್ ಅಂಡ್ ಡಿಲೈಲಾ’ 1949ರಲ್ಲಿ ತೆರೆಗೆ ಬಂದಿತು. ಸಂಸೋನನಾಗಿ ವಿಕ್ಟರ್ ಮೆಚೂರ್, ದೆಲೀಲಳಾಗಿ ಹೆಡಿ ಲಮಾರ್. ಯುದ್ಧಾನಂತರದ ಹಾಲಿವುಡ್ಡಿನಲ್ಲಿ ಬೈಬಲ್ ಮಹಾಚಿತ್ರಗಳ ಸಾಲು ಇದರಿಂದಲೇ ಆರಂಭವಾಯಿತೆನ್ನಬಹುದು. ಪೌರುಷವೆಂದರೆ ಮಾಂಸಖಂಡವೆಂಬ ತಿಳಿವಳಿಕೆ ಇಲ್ಲಿ ಯಾವ ಮುಚ್ಚುಮರೆಯೂ ಇಲ್ಲದೆ ಕಾಣುತ್ತದೆ. ಬರಿಗೈಯಿಂದ ಸಿಂಹವನ್ನು ಕೊಲ್ಲುವ ದೃಶ್ಯಕ್ಕಾಗಿ ಪಳಗಿಸಿದ ಸಿಂಹವೊಂದನ್ನು ತಂದಿದ್ದರಂತೆ. ಅದರೊಂದಿಗೆ ಸೆಣಸಲು ಮೆಚೂರ್ ಒಪ್ಪಲಿಲ್ಲ. ಬೇರೊಬ್ಬನು ಸೆಣಸಿದ, ಹತ್ತಿರದ ನೋಟಗಳಲ್ಲಿ ನಾಯಕನು ಸಿಂಹದ ಚರ್ಮದೊಂದಿಗೆ ಹೊರಳಾಡಿದ. ನಾವು ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ತೆರೆಯ ಪೌರುಷವು ಎರವಲಿನದು, ಅನೇಕರ ಮೈ ಸೇರಿಸಿ ಹೊಲಿದದ್ದು ಎಂಬುದನ್ನು ನಮ್ಮ ಯುವಕರಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ದೊರೆತಿಲ್ಲ.

ಗ್ರಂಥದ ಸಂಸೋನನಾದರೋ ಬೇರೆಯೇ. ನ್ಯಾಯಸ್ಥಾಪಕರು 13ನೆಯ ಅಧ್ಯಾಯದಲ್ಲಿ ದೇವದೂತನು ಕಾಣಿಸಿಕೊಳ್ಳುವುದು ಮಾನೋಹನಿಗಲ್ಲ, ಹೆಸರು ಹೇಳದ ಅವನ ಹೆಂಡತಿಗೆ. ದೂತನ ಮಾತನ್ನು ಸರಿಯಾಗಿ ಅರ್ಥಮಾಡಿಕೊಂಡವಳೂ ಆಕೆಯೇ. ಸಾಯುತ್ತೇವೆಂದು ಹೆದರಿದ ಗಂಡನಿಗೆ ತರ್ಕಬದ್ಧವಾಗಿ ಧೈರ್ಯ ಹೇಳುವವಳೂ ಆಕೆಯೇ. ಸಂಸೋನನ ಬಲ ಅವನ ಸ್ನಾಯುಗಳಲ್ಲಿ ಇಲ್ಲ. ಆತ್ಮನು ಮೇಲೆ ಬಂದಾಗ ಬರುತ್ತದೆ, ಹೋದಾಗ ಹೋಗುತ್ತದೆ, ಹೋದದ್ದು ಅವನಿಗೆ ಗೊತ್ತೂ ಆಗುವುದಿಲ್ಲ. ಅವನು ದಪ್ಪ ತೋಳಿನವನಾಗಿದ್ದನೆಂದು ಪಾಠ ಎಲ್ಲಿಯೂ ಹೇಳುವುದಿಲ್ಲ. ಹಾಗಿದ್ದರೆ ಫಿಲಿಷ್ಟಿಯರು ಅವನ ಬಲದ ಗುಟ್ಟನ್ನು ಹಣ ಕೊಟ್ಟು ಹುಡುಕುವ ಅಗತ್ಯವೇನಿತ್ತು? ಕಣ್ಣು ಕಳೆದುಕೊಂಡು ಗಾಜಾದ ಸೆರೆಮನೆಯಲ್ಲಿ ಅವನು ಧಾನ್ಯ ಬೀಸುತ್ತಾನೆ. ಬೀಸುವುದು ಆ ಕಾಲದ ಹೆಂಗಸರ, ದಾಸಿಯರ ಕೆಲಸ. ಕೊನೆಗೆ ಕೈ ಹಿಡಿದು ನಡೆಸುವವನು ಒಬ್ಬ ಹುಡುಗ. ಚಿತ್ರದಲ್ಲಿ ಆ ಹುಡುಗನ ಸ್ಥಾನಕ್ಕೆ ಪಶ್ಚಾತ್ತಾಪಗೊಂಡ ದೆಲೀಲಳು ಬಂದು, ಸ್ತಂಭಗಳ ಬಳಿಗೆ ಅವನನ್ನು ಕರೆದೊಯ್ದು, ಅವನೊಂದಿಗೇ ಸಾಯುತ್ತಾಳೆ. ಗ್ರಂಥದಲ್ಲಿ ಬೆಳ್ಳಿ ಪಡೆದು ಕಥೆಯಿಂದ ಹೊರಟುಹೋಗುವ ಹೆಣ್ಣನ್ನು, ಚಿತ್ರವು ಗಂಡಿಗಾಗಿ ಸಾಯುವ ಹೆಣ್ಣಾಗಿ ತಿದ್ದಿದೆ. ಈ ತಿದ್ದುಪಡಿ ಯಾರ ನೆಮ್ಮದಿಗಾಗಿ ಎಂಬುದನ್ನು ವಿದ್ಯಾರ್ಥಿಗಳು ಯೋಚಿಸಲಿ.

ಇದೇ ಡಿಮಿಲ್ 1956ರಲ್ಲಿ ‘ದಿ ಟೆನ್ ಕಮ್ಯಾಂಡ್ಮೆಂಟ್ಸ್’ ಮಾಡಿದರು. ಚಾರ್ಲ್ಟನ್ ಹೆಸ್ಟನ್ ಮೋಶೆ, ಯೂಲ್ ಬ್ರಿನ್ನರ್ ರಾಮೆಸ್ಸೆಸ್. ಚಿತ್ರ ಆರಂಭವಾಗುವ ಮುನ್ನ ನಿರ್ದೇಶಕರೇ ಪರದೆಯ ಹಿಂದಿನಿಂದ ಬಂದು ಪ್ರೇಕ್ಷಕರನ್ನು ಉದ್ದೇಶಿಸಿ ಮಾತಾಡುತ್ತಾರೆ: ಮನುಷ್ಯರನ್ನು ಆಳಬೇಕಾದದ್ದು ದೇವರ ನಿಯಮವೋ ಸರ್ವಾಧಿಕಾರಿಯೊಬ್ಬನ ಮನಸ್ಸಿನ ಲಹರಿಯೋ ಎಂಬುದೇ ಈ ಕಥೆಯ ವಿಷಯವೆನ್ನುತ್ತಾರೆ. ಅದು ಶೀತಲ ಸಮರದ ಕಾಲ. ಯಾವ ಸರ್ವಾಧಿಕಾರಿಗಳು ಅವರ ಮನಸ್ಸಿನಲ್ಲಿದ್ದರೆಂಬುದು ಆಗಿನ ಪ್ರೇಕ್ಷಕರಿಗೆ ತಿಳಿದೇ ಇತ್ತು. ಚಿತ್ರದ ಕೊನೆಯಲ್ಲಿ ಕೈಯೆತ್ತಿ ನಿಂತ ಮೋಶೆಯು ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನೇ ಹೋಲುತ್ತಾನೆಂದು ಅನೇಕರು ಗುರುತಿಸಿದ್ದಾರೆ.

ಇಲ್ಲಿನ ಮೋಶೆ ಮೊದಲು ಸೇನಾಪತಿ, ಕೂಷ್ ದೇಶವನ್ನು ಗೆದ್ದು ಬಂದವನು. ಈ ಭಾಗ ಯೋಸೇಫಸನ ಇತಿಹಾಸದಿಂದ ಬಂದದ್ದು. ವಿಮೋಚನಕಾಂಡವು ಅರಮನೆಯ ಆ ವರ್ಷಗಳ ವಿಷಯದಲ್ಲಿ ಮೌನವಾಗಿದೆ. ಇಬ್ಬರು ಬಲಿಷ್ಠ ಪುರುಷರು ಒಂದು ಸಿಂಹಾಸನಕ್ಕೂ ನೆಫ್ರೆತೀರಿ ಎಂಬ ಒಬ್ಬ ಹೆಣ್ಣಿಗೂ ಹೋರಾಡುವ ಕಥೆಯಾಗಿ ಐಗುಪ್ತದ ಬಿಡುಗಡೆ ರೂಪಾಂತರಗೊಳ್ಳುತ್ತದೆ. ಹೀಗಾದಾಗ ಮೊದಲು ಮಾಯವಾಗುವವರು ಹೆಂಗಸರು. ವಿಮೋಚನಕಾಂಡದ ಮೊದಲೆರಡು ಅಧ್ಯಾಯಗಳಲ್ಲಿ ಫರೋಹನ ಆಜ್ಞೆಯನ್ನು ಮುರಿಯುವವರೆಲ್ಲರೂ ಹೆಂಗಸರೇ: ಶಿಪ್ರಾ, ಪೂಗಾ ಎಂಬ ಸೂಲಗಿತ್ತಿಯರು, ಮಗುವಿನ ತಾಯಿ, ಅಕ್ಕ, ಕಡೆಗೆ ಫರೋಹನ ಮಗಳು. ರಾಜನ ಹೆಸರನ್ನು ಹೇಳದ ಗ್ರಂಥವು ಸೂಲಗಿತ್ತಿಯರ ಹೆಸರನ್ನು ಬರೆದಿಟ್ಟಿದೆ. ಚಿತ್ರದಲ್ಲಿ ರಾಜನಿಗೆ ಹೆಸರುಂಟು, ಸೂಲಗಿತ್ತಿಯರಿಗೆ ಜಾಗವೇ ಇಲ್ಲ.

ಮೋಶೆಯ ಸ್ವಭಾವದಲ್ಲಿಯೂ ಇದೇ ಆಗಿದೆ. ಗ್ರಂಥದ ಮೋಶೆ ತಡವರಿಸಿ ಮಾತಾಡುವವನು. ಆರೋನನು ಅವನಿಗೆ ಬಾಯಾಗುತ್ತಾನೆ. ಅರಣ್ಯಕಾಂಡದ 12ನೆಯ ಅಧ್ಯಾಯ ಅವನನ್ನು ಭೂಮಿಯ ಮೇಲಿನ ಎಲ್ಲರಿಗಿಂತ ಸಾತ್ವಿಕನೆಂದು ಕರೆಯುತ್ತದೆ. ಅಮಾಲೇಕ್ಯರೊಂದಿಗೆ ಯುದ್ಧ ನಡೆಯುವಾಗ ಅವನ ಕೈ ಸೋಲುತ್ತದೆ, ಇಬ್ಬರು ಅಕ್ಕಪಕ್ಕ ನಿಂತು ಎತ್ತಿ ಹಿಡಿಯುತ್ತಾರೆ. ಆಡಳಿತದ ಭಾರದಿಂದ ಸೊರಗಿದಾಗ ಮಾವ ಇತ್ರೋನನ ಬುದ್ಧಿವಾದ ಕೇಳುತ್ತಾನೆ. ಹೆಸ್ಟನ್ನನ ಕಂಚಿನ ಕಂಠಕ್ಕೆ ಇವು ಯಾವುವೂ ಒಪ್ಪುವುದಿಲ್ಲ. 2014ರಲ್ಲಿ ರಿಡ್ಲಿ ಸ್ಕಾಟ್ ಮಾಡಿದ ‘ಎಕ್ಸೋಡಸ್: ಗಾಡ್ಸ್ ಅಂಡ್ ಕಿಂಗ್ಸ್’ ಚಿತ್ರದಲ್ಲಂತೂ ಕೋಲಿನ ಬದಲು ಕತ್ತಿಯೇ ಬಂದಿದೆ.

ನಮ್ಮ ಸೀಮೆಯಲ್ಲಿ ಈ ಚಿತ್ರವನ್ನು ತೋರಿಸುವವರು ಇನ್ನೊಂದು ಸಂಗತಿಯನ್ನೂ ನೆನಪಿನಲ್ಲಿಡಬೇಕು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯಕ್ಕಾಗಿಯೂ, ನಾಗರಹೊಳೆಯ ಅರಣ್ಯ ಸಂರಕ್ಷಣೆಗಾಗಿಯೂ ನೆಲೆ ಬಿಟ್ಟು ಬಂದ ಜೇನುಕುರುಬರ, ಕಾಡುಕುರುಬರ, ಯರವರ ಹಾಡಿಗಳು ಇಲ್ಲಿವೆ. ಅವರ ಮುಂದೆ ಬಿಡುಗಡೆಯ ಕಥೆಯನ್ನು ಹೇಳುವಾಗ, ಹೊರಟುಬಂದವರ ಕಥೆ ಒಂದು ಕಡೆ, ಬಂದವರು ಸೇರಿದ ನಾಡಿನಲ್ಲಿ ಮೊದಲೇ ಇದ್ದವರ ಕಥೆ ಇನ್ನೊಂದು ಕಡೆ ನಿಲ್ಲುತ್ತದೆ. ಅಮೆರಿಕದ ಮೂಲನಿವಾಸಿ ಚಿಂತಕ ರಾಬರ್ಟ್ ಅಲೆನ್ ವಾರಿಯರ್ 1989ರಲ್ಲಿಯೇ, ಈ ಕಥೆಯನ್ನು ತನ್ನ ಜನರು ಕಾನಾನ್ಯರ ಕಣ್ಣಿನಿಂದ ಓದುತ್ತಾರೆಂದು ಬರೆದು ವಿಮೋಚನಾ ದೈವಜ್ಞಾನಕ್ಕೆ ಪ್ರಶ್ನೆ ಹಾಕಿದರು. ಒಬ್ಬ ಮಹಾಪುರುಷನು ಕೋಲೆತ್ತಿದ ಮಾತ್ರಕ್ಕೆ ಸಮುದ್ರ ಸೀಳಿತೆಂದು ತೋರಿಸುವ ಚಿತ್ರವು ಈ ಪ್ರಶ್ನೆಯನ್ನು ಕೇಳಲು ಎಡೆಯನ್ನೇ ಕೊಡುವುದಿಲ್ಲ.

ದಾವೀದನ ವಿಷಯ ಚಿಕ್ಕದಾಗಿ ಹೇಳಬಹುದು. 1951ರ ‘ಡೇವಿಡ್ ಅಂಡ್ ಬತ್ಶೀಬಾ’ದಲ್ಲಿ ಗ್ರೆಗರಿ ಪೆಕ್ ಅರಸನು, ಸೂಸನ್ ಹೇವರ್ಡ್ ಬತ್ಷೆಬೆ. ಅರಸನು ಸಂಜೆ ಮಾಳಿಗೆಯ ಮೇಲೆ ತಿರುಗಾಡುವುದನ್ನು ತಿಳಿದೇ ತಾನು ಅವನ ಕಣ್ಣಿಗೆ ಬೀಳಬೇಕೆಂದು ಬಯಸಿದ್ದಾಗಿ ಆಕೆಯ ಬಾಯಿಂದಲೇ ಚಿತ್ರವು ಹೇಳಿಸುತ್ತದೆ. 2 ಸಮುವೇಲ 11ರಲ್ಲಿ ಅಂಥ ಮಾತು ಇಲ್ಲ; ಅಲ್ಲಿ ಆಳುಗಳನ್ನು ಕಳುಹಿಸುವವನು, ಕರೆತರಿಸುವವನು ಅರಸನೇ. ನಾತಾನನ ಸಾಮ್ಯದಲ್ಲಿ ಬಡವನ ಹೆಣ್ಣು ಕುರಿಮರಿಯು ತಾನಾಗಿ ಶ್ರೀಮಂತನ ಮನೆಗೆ ನಡೆದುಹೋಗಲಿಲ್ಲ. ಬೈಬಲ್ ವಿದ್ವಾಂಸೆ ಜೆ. ಚೆರಿಲ್ ಎಕ್ಸಮ್ 1996ರ ತಮ್ಮ ಗ್ರಂಥದಲ್ಲಿ ಚಿತ್ರಕಾರರೂ ಚಲನಚಿತ್ರಕಾರರೂ ಬತ್ಷೆಬೆಯನ್ನು ನೋಡಿದ ಬಗೆಯನ್ನು ವಿಚಾರಿಸಿದ್ದಾರೆ. ಅಧಿಕಾರಸ್ಥನ ಅಪರಾಧವು ತೆರೆಗೆ ಬರುವಾಗ ಪ್ರೇಮಕಥೆಯಾಗುವುದು ಹಾಲಿವುಡ್ಡಿನ ದೋಷ ಮಾತ್ರವೇ ಅಲ್ಲವೆಂಬುದನ್ನು ನಮ್ಮ ಪ್ರಸಂಗಗಳನ್ನು ಕೇಳಿದವರು ಬಲ್ಲರು.

ಯೇಸುವಿನ ಮೈ

ನಮ್ಮ ದೇಶದ ಚಲನಚಿತ್ರಕ್ಕೂ ಯೇಸುವಿನ ಚಿತ್ರಕ್ಕೂ ಹುಟ್ಟಿನಲ್ಲಿಯೇ ನಂಟಿದೆ. ದಾದಾಸಾಹೇಬ್ ಫಾಲ್ಕೆಯವರು 1910ರ ಸುಮಾರಿಗೆ ಮುಂಬಯಿಯಲ್ಲಿ ಕ್ರಿಸ್ತನ ಜೀವನದ ಮೂಕಿಚಿತ್ರವೊಂದನ್ನು ನೋಡುತ್ತ, ನಮ್ಮ ರಾಮನನ್ನೂ ಕೃಷ್ಣನನ್ನೂ ಹೀಗೆ ಕಾಣುವುದು ಎಂದು ಎಂಬ ಹಂಬಲದಿಂದ ಹೊರಬಂದದ್ದನ್ನು ತಾವೇ ಬರೆದಿಟ್ಟಿದ್ದಾರೆ. 1913ರ ‘ರಾಜಾ ಹರಿಶ್ಚಂದ್ರ’ ಅದರ ಫಲ. ಹೀಗೆ ಯೇಸುವಿನಿಂದ ಪುರಾಣಚಿತ್ರ ಹುಟ್ಟಿತು. ಆ ಪುರಾಣಚಿತ್ರದ ನುಡಿಗಟ್ಟಿನಲ್ಲಿಯೇ ಯೇಸು ಮರಳಿ ಬಂದನು: ಎ. ಭೀಮ್‌ಸಿಂಗ್ ನಿರ್ದೇಶನದ ತೆಲುಗು ಚಿತ್ರ ‘ಕರುಣಾಮಯುಡು’, 1978. ಯೇಸುವಾಗಿ ನಟಿಸಿದ ವಿಜಯಚಂದರ್ ಮುಂದೆ ಶಿರಡಿ ಸಾಯಿಬಾಬಾ ಪಾತ್ರವನ್ನೂ ಮಾಡಿದರು. ಅನೇಕ ಭಾಷೆಗಳಿಗೆ ಡಬ್ ಆಗಿ, ಸುವಾರ್ತಾ ತಂಡಗಳ ಮೂಲಕ ಊರೂರು ಸುತ್ತಿದ ಈ ಚಿತ್ರದ ಯೇಸು ನಿಧಾನವಾಗಿ ನಡೆಯುವವನು, ಮೆಲ್ಲನೆ ನಗುವವನು, ಕೈಯೆತ್ತಿ ದರ್ಶನ ಕೊಡುವವನು. ಪಾಶ್ಚಾತ್ಯ ಮಹಾಚಿತ್ರದ ಅಳತೆಯಿಂದ ಇವನು ‘ಗಂಡುಗಲಿ’ಯಲ್ಲ. ಆದರೂ ನಮ್ಮ ಹಳ್ಳಿಯ ಗಂಡಸರು ಇವನಿಗೆ ಕೈಮುಗಿದರು. ಏಕೆಂದರೆ ಸಾಧುಪುರುಷನ ಶಾಂತಿಯೂ ಒಂದು ಬಲವೆಂಬ ಕಲ್ಪನೆ ಅವರಿಗೆ ಹೊಸದಾಗಿರಲಿಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರನ್ನು ಕಂಡ ಕನ್ನಡ ಪ್ರೇಕ್ಷಕರಿಗೆ, ಬೇಟೆಯಲ್ಲಿ ಪಳಗಿದ ಬೇಡನು ಕಡೆಗೆ ತನ್ನ ಕಣ್ಣನ್ನೇ ಕಿತ್ತು ಕೊಡುವುದು ವೀರವೇ ಆಗಿತ್ತು. ಸಂಸೋನನ ಕಣ್ಣನ್ನು ವೈರಿಗಳು ಕಿತ್ತರು; ಕಣ್ಣಪ್ಪನು ತಾನೇ ಕೊಟ್ಟನು. ಎರಡು ಕಥೆಗಳ ದೈವಜ್ಞಾನ ಬೇರೆ ಬೇರೆ ಎಂಬುದನ್ನು ಮರೆಯದೆಯೇ, ನಮ್ಮ ಜನರ ವೀರಕಲ್ಪನೆಯಲ್ಲಿ ಕೊಡುವಿಕೆಗೆ ಸ್ಥಾನವಿದೆಯೆಂಬುದನ್ನು ಪ್ರಸಂಗಕಾರರು ಬಳಸಿಕೊಳ್ಳಬಹುದು.

ಕ್ಯಾಂಪಸ್ ಕ್ರುಸೇಡ್ ಸಂಸ್ಥೆಗಾಗಿ 1979ರಲ್ಲಿ ತಯಾರಾದ ‘ಜೀಸಸ್’ ಲೂಕನ ಸುವಾರ್ತೆಯನ್ನು ಆಧರಿಸಿದ್ದು. ಕನ್ನಡವೂ ಸೇರಿ 2000ಕ್ಕಿಂತ ಹೆಚ್ಚು ಭಾಷೆಗಳಲ್ಲಿ ಅದು ಲಭ್ಯವಿದೆ. ನಾವು ಅಂಗಳದಲ್ಲಿ ನೋಡಿದ್ದು ಇದನ್ನೇ. ಲೂಕನನ್ನು ಹತ್ತಿರದಿಂದ ಹಿಂಬಾಲಿಸುವುದರಿಂದ ಇದರಲ್ಲಿ ಅಬ್ಬರ ಕಡಿಮೆ. ಆದರೂ ಇಂಗ್ಲಿಷ್ ನಟ ಬ್ರಯನ್ ಡೀಕನ್ನನ ಬಿಳಿಯ ಮುಖಕ್ಕೆ ಕನ್ನಡದ ಧ್ವನಿ ಕೂಡಿದಾಗ, ಅಧಿಕಾರವು ಯಾವ ಬಣ್ಣದ ಮೈಯಲ್ಲಿ ನೆಲೆಸುತ್ತದೆಂಬ ಪಾಠವೂ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಈ ಬಣ್ಣದ ಮಾತಿಗೆ ಹೆಗ್ಗಡದೇವನಕೋಟೆಯಲ್ಲಿಯೇ ಒಂದು ಅಡಿಟಿಪ್ಪಣಿಯಿದೆ. ಕಬಿನಿ ದಂಡೆಯ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆ ಪರಿಚಿತನಾಗಿ ಹಾಲಿವುಡ್ ಸೇರಿದನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಹಿಂಬದಿಯ ತೋಪು ಹಿಡಿದು ಹೋರಾಡಿ ಪದಕ ಪಡೆದ ಗಂಡಸಿಗೆ, ತೆರೆಯ ಮೇಲೆ ಕಡೆಯತನಕ ಹೆಚ್ಚಾಗಿ ದೊರೆತದ್ದು ಅರೆಬತ್ತಲೆಯ ‘ಹುಡುಗ’ನ ಪಾತ್ರಗಳೇ. ಸಾಮ್ರಾಜ್ಯದ ಸಿನಿಮಾ ಬಿಳಿಯ ಮೈಗೆ ಪೌರುಷವನ್ನೂ ಕಂದು ಮೈಗೆ ಬಾಲ್ಯವನ್ನೂ ಹಂಚಿತು. ಮೋಶೆಯೂ ಯೇಸುವೂ ಆ ಹಂಚಿಕೆಯಲ್ಲಿ ಬಿಳಿಯರ ಪಾಲಿಗೆ ಹೋದರು.

ಮೆಲ್ ಗಿಬ್ಸನ್ನನ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ 2004ರಲ್ಲಿ ಬಂದಾಗ ಅನೇಕ ಸಭೆಗಳು ಅದನ್ನು ಧ್ಯಾನದ ಸಾಧನವೆಂದು ಸ್ವೀಕರಿಸಿದವು. ಯೆಹೂದ್ಯರನ್ನು ಚಿತ್ರಿಸಿದ ಬಗೆಯ ಕುರಿತು ಎದ್ದ ಆಕ್ಷೇಪಣೆಗಳು ಗಂಭೀರವಾದವು, ನಾವೂ ಅವನ್ನು ಒಪ್ಪುತ್ತೇವೆ. ಇಲ್ಲಿ ಬೇರೊಂದು ಸಂಗತಿಯನ್ನು ಎತ್ತುತ್ತೇವೆ. ಕೊರಡೆಯ ಹೊಡೆತವನ್ನು ಸುವಾರ್ತಿಕರು ಒಂದೆರಡು ಪದಗಳಲ್ಲಿ ಮುಗಿಸುತ್ತಾರೆ. ಚಿತ್ರವು ಅದನ್ನು ದೀರ್ಘವಾಗಿ ತೋರಿಸುತ್ತದೆ. ಬೆತ್ತದ ಏಟುಗಳಿಗೆ ಕುಸಿದ ಯೇಸು ಮತ್ತೆ ಎದ್ದು ನಿಲ್ಲುತ್ತಾನೆ. ಅದನ್ನು ಕಂಡು ಸಿಪಾಯಿಗಳು ಇನ್ನೂ ಕ್ರೂರವಾದ ಚಾಟಿಯನ್ನು ಎತ್ತಿಕೊಳ್ಳುತ್ತಾರೆ. ಎದ್ದು ನಿಲ್ಲುವುದು ಸುವಾರ್ತೆಯಲ್ಲಿಲ್ಲ. ಅದು ಕುಸ್ತಿಯ ಕಣದಿಂದ, ಸಾಹಸಚಿತ್ರದಿಂದ ಬಂದದ್ದು. ಎಷ್ಟು ಹೊಡೆದರೂ ತಡೆದುಕೊಳ್ಳುವವನೇ ಗಂಡಸು ಎಂಬ ಹಳೆಯ ಮಾನದಂಡವೇ ಇಲ್ಲಿ ಶಿಲುಬೆಯ ವೇಷ ತೊಟ್ಟಿದೆ. ಹೀಗೆ ಶ್ರಮೆಯೂ ಪಂದ್ಯವಾಗುತ್ತದೆ, ಪುನರುತ್ಥಾನದ ಹೊತ್ತಿಗೆ ರಣಭೇರಿಯ ಸದ್ದು ಕೇಳಿಬರುತ್ತದೆ. ಗೆತ್ಸೆಮನೆಯಲ್ಲಿ ನಡುಗಿದ, ಸ್ನೇಹಿತರು ಎಚ್ಚರವಾಗಿರಲೆಂದು ಬೇಡಿದ, ಲಾಜರನ ಗೋರಿಯ ಬಳಿ ಅತ್ತ, ಯೆರೂಸಲೇಮಿನ ಮಕ್ಕಳನ್ನು ಕೋಳಿಯು ಮರಿಗಳನ್ನು ಕೂಡಿಸುವಂತೆ ಕೂಡಿಸಲು ಹಂಬಲಿಸಿದ ಯೇಸುವಿನ ಧೈರ್ಯ ಈ ಬಗೆಯದಾಗಿರಲಿಲ್ಲ.

ಮಹಾಚಿತ್ರಗಳಲ್ಲಿ ನಮ್ಮನ್ನು ಹೆಚ್ಚು ತಟ್ಟಿದ್ದು ಯೇಸುವಿನ ಮುಖವನ್ನೇ ತೋರಿಸದ ಒಂದು. ವಿಲಿಯಂ ವೈಲರ್ ನಿರ್ದೇಶಿಸಿದ ‘ಬೆನ್‌ಹರ್’, 1959. 11 ಆಸ್ಕರ್ ಪ್ರಶಸ್ತಿಗಳನ್ನು ಪಡೆದ ಚಿತ್ರ. ಇದರ ರಥಗಳ ಓಟವನ್ನು ಎಲ್ಲರೂ ನೆನೆಯುತ್ತಾರೆ, ಹಾಗಾಗಿ ಇದೂ ತೋಳ್ಬಲದ ಚಿತ್ರವೇ. ಆದರೆ ಸಂಕೋಲೆಯಲ್ಲಿ ನಡೆಸಿಕೊಂಡು ಹೋಗುತ್ತಿದ್ದ ಬೆನ್‌ಹರ್ ನಜರೇತಿನಲ್ಲಿ ನೀರಿಗಾಗಿ ಕುಸಿದಾಗ ಒಬ್ಬನು ಬಂದು ತಲೆಯೆತ್ತಿ ನೀರು ಕುಡಿಸುತ್ತಾನೆ. ನಮಗೆ ಕಾಣುವುದು ಅವನ ಬೆನ್ನು ಮತ್ತು ಕೈ ಮಾತ್ರ. ತಡೆಯಲು ಬಂದ ರೋಮನ್ ಸಿಪಾಯಿ ಅವನ ಮುಖವನ್ನು ನೋಡಿ, ಏನು ಮಾಡಲೂ ತೋಚದೆ, ಹಿಂದೆ ಸರಿಯುತ್ತಾನೆ. ಆ ನೋಟ ಹೇಗಿತ್ತೆಂಬುದು ಸಿಪಾಯಿಯ ಮುಖದಲ್ಲಿ ಮಾತ್ರ ಬರೆದಿದೆ. ಮಾರ್ಕ 10ರಲ್ಲಿ ಯೇಸು ಅನ್ಯಜನರ ಒಡೆಯರ ದೊರೆತನಕ್ಕೂ ತನ್ನ ಸೇವೆಗೂ ಹೇಳಿದ ಭೇದವನ್ನು ಕ್ಯಾಮೆರಾ ಇಲ್ಲಿ ಒಂದು ನಿಮಿಷವಾದರೂ ಹಿಡಿದಿದೆ.

ಕೋಟೆಯ ಕಲ್ಲು, ಕಾಡಿನ ಆನೆ

ಹಾಲಿವುಡ್ಡನ್ನು ದೂರುವುದು ಸುಲಭ. ನಮ್ಮ ನೆಲದ ವೀರಕಲ್ಪನೆಯೂ ನಿರ್ದೋಷಿಯಲ್ಲ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿ 1057ರ ಶಾಸನವೊಂದು ದೇಕಬ್ಬೆ ಎಂಬ ಹೆಣ್ಣಿನ ಕಥೆಯನ್ನು ಹಳಗನ್ನಡ ಪದ್ಯಗಳಲ್ಲಿ ಹೇಳುತ್ತದೆ. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ಬಲಿಷ್ಠ. ಆ ಬಲದಿಂದಲೇ ಅರಸನ ದಾಯಾದಿಯೊಬ್ಬನನ್ನು ಕೊಂದನು, ಅರಸನ ಆಜ್ಞೆಯಿಂದ ತಲಕಾಡಿನಲ್ಲಿ ಅವನೂ ಕೊಲ್ಲಲ್ಪಟ್ಟನು. ಸುದ್ದಿ ಕೇಳಿದ ದೇಕಬ್ಬೆ, ಹೆತ್ತವರು ತಡೆದರೂ ನಿಲ್ಲದೆ ಬೆಂಕಿಯನ್ನು ಹೊಕ್ಕಳು. ಒಬ್ಬ ಗಂಡಸಿನ ತೋಳು, ಇನ್ನೊಬ್ಬ ಗಂಡಸಿನ ಸಿಂಹಾಸನ. ಎರಡರ ನಡುವಿನ ಲೆಕ್ಕ ಹೆಣ್ಣಿನ ಮೈಯಲ್ಲಿ ಚುಕ್ತಾ ಆಯಿತು, ಕಲ್ಲು ಅದನ್ನು ಹೊಗಳಿತು. ಶಾಸನದ ಕಾವ್ಯ ಸುಂದರವಾದದ್ದು. ಸುಂದರವಾಗಿರುವುದರಿಂದಲೇ ಎಚ್ಚರ ಬೇಕು. ಗಂಡನ ಬಲಕ್ಕೆ ಹೆಂಡತಿ ತೆರುವ ಬೆಲೆಯನ್ನು ಪುಣ್ಯವೆಂದು ಕರೆಯುವ ಅಭ್ಯಾಸ ಸುಮಾರು ಸಾವಿರ ವರ್ಷಗಳಿಂದ ಇದೇ ಮಣ್ಣಿನಲ್ಲಿದೆ. ನಮ್ಮ ಸಭೆಯಲ್ಲಿ ಪೆಟ್ಟು ತಿಂದು ಬಂದ ಹೆಣ್ಣಿಗೆ ‘ಶಿಲುಬೆಯನ್ನು ಹೊತ್ತುಕೊಳ್ಳಮ್ಮ’ ಎಂದು ಹೇಳುವಾಗ ನಾವು ಸುವಾರ್ತೆಯನ್ನು ಸಾರುತ್ತಿದ್ದೇವೆಯೋ ಮಾಸ್ತಿಕಲ್ಲನ್ನು ಕೆತ್ತುತ್ತಿದ್ದೇವೆಯೋ?

ಇದೇ ಸೀಮೆಯ ಕಾಕನಕೋಟೆಯ ಖೆಡ್ಡಾ 1971ರಲ್ಲಿ ಕೊನೆಯ ಬಾರಿ ನಡೆಯಿತು. ಅರಸರ ಅತಿಥಿಗಳು ಅಟ್ಟಣೆಯ ಮೇಲೆ ಕುಳಿತು, ಕಾಡಾನೆಗಳ ಹಿಂಡನ್ನು ಹೊಳೆಗೆ ಇಳಿಸಿ ದೊಡ್ಡಿಗೆ ನೂಕುವುದನ್ನು ನೋಡುತ್ತಿದ್ದರು. ಮಹಾಕಾಯವೊಂದು ಬಂಧನಕ್ಕೆ ಬೀಳುವುದನ್ನು ನೋಡಿ ತಮ್ಮ ಅಧಿಕಾರವನ್ನು ಅನುಭವಿಸುವ ಈ ಬಗೆಯು ದಾಗೋನನ ಗುಡಿಯಲ್ಲಿ ಸಂಸೋನನನ್ನು ಆಡಿಸಿ ನೋಡಿದ ಮೂರು ಸಾವಿರ ಜನರ ಬಗೆಯೇ. ಅಟ್ಟಣೆಯಿಂದ ಕಾಣದಿದ್ದ ಕೆಲಸ ಮುಂದಿನದು: ಮಾವುತರೂ ಕಾವಾಡಿಗರೂ ಕಾಡಿನ ಕುರುಬರೂ ದಿನಗಟ್ಟಲೆ ಹತ್ತಿರ ನಿಂತು, ಕಬ್ಬು ತಿನ್ನಿಸಿ, ಮಾತಾಡಿಸಿ, ಹಾಡಿ ಆನೆಯನ್ನು ಪಳಗಿಸುತ್ತಿದ್ದರು. ಅದರಲ್ಲಿ ಕಟ್ಟಿಹಾಕುವ ಕ್ರೌರ್ಯವೂ ಇತ್ತು, ಅದನ್ನು ಮರೆಮಾಡುವುದಿಲ್ಲ. ಆದರೆ ಬಲವನ್ನು ಬಲ್ಲವರು ಅಬ್ಬರಿಸುವುದಿಲ್ಲವೆಂಬುದನ್ನು ಈ ಸೀಮೆಯ ಹಾಡಿಗಳ ಗಂಡಸರಿಗೆ ನಾವು ಕಲಿಸಬೇಕಾಗಿಲ್ಲ.

ಇನ್ನೊಂದು ರೂಪವೂ ಸಮೀಪದಲ್ಲೇ ಇದೆ. ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಮಹಾದೇವಾಲಯಕ್ಕೆ ಎಲ್ಲ ಮತಗಳ ಜನರೂ ಹೋಗುತ್ತಾರೆ. ಜೂನ್ 13ರ ಹಬ್ಬಕ್ಕೆ ಹುಣಸೂರು, ಪಿರಿಯಾಪಟ್ಟಣಗಳಿಂದಲೂ ಜನ ಸೇರುತ್ತಾರೆ. ಸಂತ ಅಂತೋಣಿಯವರನ್ನು ಎಲ್ಲೆಡೆ ಚಿತ್ರಿಸುವುದು ಶಿಶುವನ್ನು ಎತ್ತಿಕೊಂಡ ಪುರುಷನಾಗಿ. ಪ್ರತಿಮೆಗಳ ವಿಷಯದಲ್ಲಿ ನಮ್ಮ ಸಭೆಗಳ ನಿಲುವು ಒಂದೇ ಅಲ್ಲ, ಆ ಚರ್ಚೆಗೆ ಇಲ್ಲಿ ಹೋಗುವುದಿಲ್ಲ. ಆದರೆ ಮಗುವನ್ನು ಎತ್ತಿಕೊಂಡ ಗಂಡಸಿನ ಮುಂದೆ ಗಂಡಸರೇ ಮಣಿಯುವುದು ಗಮನಿಸತಕ್ಕ ಸಂಗತಿ. ಅರಣ್ಯಕಾಂಡ 11ರಲ್ಲಿ ದಣಿದ ಮೋಶೆ ದೇವರೊಂದಿಗೆ ವಾದಿಸುತ್ತ, ಈ ಜನರನ್ನೆಲ್ಲ ತಾನೇ ಬಸಿರಾಗಿ ಹೆತ್ತೆನೋ, ಮೊಲೆಕೂಸನ್ನು ಎತ್ತಿಕೊಳ್ಳುವ ಪೋಷಕನಂತೆ ತಾನು ಇವರನ್ನು ಎದೆಗಪ್ಪಿಕೊಂಡು ಹೋಗಬೇಕೋ ಎಂದು ಕೇಳುತ್ತಾನೆ. ದೂರುವಾಗಲೂ ನಾಯಕತ್ವಕ್ಕೆ ಅವನಿಗೆ ಹೊಳೆದ ಹೋಲಿಕೆ ಮಗುವನ್ನು ಹೊರುವುದು. ಯಾವ ಮಹಾಚಿತ್ರದಲ್ಲಿಯೂ ನಾವು ಈ ಮೋಶೆಯನ್ನು ಕಂಡಿಲ್ಲ.

ಅಂಗಳದ ಎರಡು ಪ್ರಶ್ನೆಗಳು

ಯುವಕನಿಗೆ ನಾವು ಅಂದು ಕೊಟ್ಟ ಉತ್ತರ ಅರ್ಧದ್ದು. ಕ್ಷಮೆಯ ವಿಷಯವಾಗಿ ಏನೋ ಹೇಳಿದೆವು. ಬಳಿಕ ಯೋಹಾನ 18ನ್ನು ತೆರೆದಾಗ ನಾವೇ ಮರೆತಿದ್ದ ವಚನ ಕಣ್ಣಿಗೆ ಬಿತ್ತು. ಮಹಾಯಾಜಕನ ಓಲೇಕಾರನು ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರುವುದಿಲ್ಲ. ತಾನು ಆಡಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಏಕೆ ಹೊಡೆದೆ ಎಂದು ಅವನನ್ನೇ ಕೇಳುತ್ತಾನೆ. ತಿರುಗಿ ಹೊಡೆಯಲಿಲ್ಲ, ಹೌದು. ಹೊಡೆದವನನ್ನು ಪ್ರಶ್ನಿಸದೆಯೂ ಬಿಡಲಿಲ್ಲ. ಏಟಿಗೆ ಕಾರಣ ಹೇಳಬೇಕಾದ ಭಾರವನ್ನು ಹೊಡೆದವನ ಮೇಲೆಯೇ ಇಟ್ಟನು.

ಆ ತಾಯಿಯ ಪ್ರಶ್ನೆ ಇನ್ನೂ ಕಠಿಣ. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೆಯ ಅಧ್ಯಾಯವು ತನ್ನನ್ನು ಬರಿದು ಮಾಡಿಕೊಂಡವನ ವಿಷಯ ಹೇಳುವಾಗ, ಇದ್ದ ಮಹಿಮೆಯನ್ನು ಬಿಟ್ಟುಕೊಟ್ಟವನ ವಿಷಯ ಹೇಳುತ್ತದೆ. ಅದು ಕೈಯಲ್ಲಿ ಅಧಿಕಾರ ಇರುವವರಿಗೆ ಹೇಳಬೇಕಾದ ಮಾತು. ಕೈಯಲ್ಲಿ ಏನೂ ಇಲ್ಲದವಳಿಗೆ ಅದನ್ನೇ ಹೇಳಿದರೆ ವಾಕ್ಯವನ್ನು ತಲೆಕೆಳಗು ಹಿಡಿದಂತೆ. ಮೇಲಾಗಿ ಯೇಸು ತನ್ನ ಗಳಿಗೆ ಬರುವ ಮೊದಲು ಹಿಂಸೆಯಿಂದ ತಪ್ಪಿಸಿಕೊಂಡು ಹೋದದ್ದು ಒಂದು ಸಲವಲ್ಲ: ನಜರೇತಿನವರು ಬೆಟ್ಟದಿಂದ ದೊಬ್ಬಲು ಬಂದಾಗ ಅವರ ನಡುವಿನಿಂದಲೇ ಹೊರಟುಹೋದನು, ದೇವಾಲಯದಲ್ಲಿ ಕಲ್ಲೆತ್ತಿಕೊಂಡಾಗ ಮರೆಯಾದನು, ಹಿಡಿಯಬಂದವರ ಕೈಯಿಂದ ತಪ್ಪಿಸಿಕೊಂಡನು. ಮಹಾಚಿತ್ರಗಳು ಈ ಪ್ರಸಂಗಗಳಿಗೆ ಹೆಚ್ಚು ಗಮನ ಕೊಡುವುದಿಲ್ಲ. ತಪ್ಪಿಸಿಕೊಂಡು ಹೋಗುವ ನಾಯಕನು ತೆರೆಗೆ ಒಪ್ಪುವುದಿಲ್ಲವೆಂದು ತೋರುತ್ತದೆ. ಪೆಟ್ಟು ತಿನ್ನುವ ಹೆಣ್ಣಿಗೆ ಈ ವಚನಗಳನ್ನು ಓದಿ ತಿಳಿಸುವುದು ಸಭಾಪಾಲಕರ ಕರ್ತವ್ಯ. ಅದರ ಜೊತೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಂತೆ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದೆಂದೂ, 181ಕ್ಕೆ ಕರೆ ಮಾಡಬಹುದೆಂದೂ ತಿಳಿಸಬೇಕು. ಗಂಡನ ಎದುರಿನಲ್ಲಿ ಆ ಮಾತು ಎತ್ತಬಾರದು; ರಾಜಿ ಮಾಡಿಸುವ ಆತುರದಿಂದ ಅವಳ ಗುಟ್ಟನ್ನು ಹೊರಗೆಡವಿದ ಸಂದರ್ಭಗಳನ್ನು ನಮ್ಮ ನಡುವೆಯೇ ಕೇಳಿದ್ದೇವೆ.

ಹಾಗೆಂದು ಚಿತ್ರ ತೋರಿಸುವುದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ತೋರಿಸುವಾಗ ನಿಲ್ಲಿಸಿ ತೋರಿಸೋಣ. ಸಂಸೋನನ ಚಿತ್ರಕ್ಕೆ ಮೊದಲು ಅವನ ತಾಯಿಯ ಅಧ್ಯಾಯವನ್ನು ಓದಿಸಿದರೆ, ಮೋಶೆಯ ಚಿತ್ರಕ್ಕೆ ಮೊದಲು ಸೂಲಗಿತ್ತಿಯರ ಹೆಸರುಗಳನ್ನು ಮಕ್ಕಳಿಂದ ಹೇಳಿಸಿದರೆ, ನೋಡುವವರು ತೆರೆಯ ಮೇಲೆ ಇಲ್ಲದವರನ್ನೂ ಹುಡುಕಲು ತೊಡಗುತ್ತಾರೆ. ಒಂದು ಸಭೆಯಲ್ಲಿ ಹೀಗೆ ಮಾಡಿ ನೋಡಿದೆವು, ಚಿತ್ರದ ನಡುವೆ ಹುಡುಗಿಯೊಬ್ಬಳು “ಶಿಪ್ರಾ ಯಾವಾಗ ಬರ್ತಾಳೆ?” ಎಂದು ಗಟ್ಟಿಯಾಗಿ ಕೇಳಿದಳು.

ಆ ತಾಯಿಯನ್ನು ಸ್ತ್ರೀಯರ ಕೂಟದ ಹಿರಿಯರೊಬ್ಬರು ಹೋಗಿ ಕಂಡರು. ಏನು ಮಾತಾಡಿದರೆಂಬುದು ಅವರಿಬ್ಬರಲ್ಲೇ ಇರಲಿ. ಬರುವ ಶುಭಶುಕ್ರವಾರ ಕೆನ್ನೆಗೆ ಹೊಡೆಯುವ ದೃಶ್ಯದಲ್ಲಿ ಚಿತ್ರವನ್ನು ನಿಲ್ಲಿಸಿ ಯೋಹಾನ 18ರ ಆ ವಚನವನ್ನು ಓದಿಸಬೇಕೆಂದು ಸಭಾಪಾಲಕರು ನಿಶ್ಚಯಿಸಿದ್ದಾರೆ. ನೀವು ಓದುತ್ತೀರಾ ಎಂದು ಆಕೆಯನ್ನೇ ಕೇಳಿದ್ದಾರೆ. ಅಷ್ಟರಲ್ಲಿ ಕನ್ನಡಕ ಮಾಡಿಸಿಕೊಂಡರೆ ಓದುವೆನೆಂದು ಆಕೆ ಒಪ್ಪಿದ್ದಾರೆ.